ಗುಸ್ತಾವ್ ಫೋರ್ಸ್ಲಿಂಗ್

ಗುಸ್ತಾವ್ ಫೋರ್ಸ್ಲಿಂಗ್ (ಜನನ: ಜೂನ್ 12, 1996) ಸ್ವೀಡನ್ ದೇಶದ ವೃತ್ತಿಪರ ಐಸ್ ಹಾಕಿ ಆಟಗಾರರು. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ (ಎನ್‌ಎಚ್‌ಎಲ್) ಫ್ಲೋರಿಡಾ ಪ್ಯಾಂಥರ್ಸ್ ತಂಡದ ರಕ್ಷಣಾ ಆಟಗಾರರಾಗಿ ಇವರು ಪ್ರಸಿದ್ಧರಾಗಿದ್ದಾರೆ. 2014ರ ಡ್ರಾಫ್ಟ್‌ನಲ್ಲಿ 126ನೆಯವರಾಗಿ ಆಯ್ಕೆಯಾದ ಇವರು ಮೊದಲ ಕೆಲವು ವರ್ಷಗಳಲ್ಲಿ ಯಾವ ತಂಡದಲ್ಲಿಯೂ ನೆಲೆ ನಿಲ್ಲಲಿಲ್ಲ. ವ್ಯಾಂಕೂವರ್ ತಂಡವು ಇವರನ್ನು ಒಂದು ಪಂದ್ಯವನ್ನೂ ಆಡಿಸದೆ ಬೇರೆ ತಂಡಕ್ಕೆ ವರ್ಗಾಯಿಸಿತು. ಷಿಕಾಗೊ ತಂಡವು ಮೂರು ಋತುಗಳ ಬಳಿಕ ಬಿಟ್ಟುಕೊಟ್ಟಿತು. ಕ್ಯಾರೊಲಿನಾ ತಂಡವು 2021ರ ಜನವರಿಯಲ್ಲಿ ಇವರ ಹೆಸರನ್ನು ವೇವರ್ಸ್ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಿಂದ ಯಾವುದೇ ಪ್ರತಿಫಲ ನೀಡದೆ ಇವರನ್ನು ಪಡೆದುಕೊಂಡ ಫ್ಲೋರಿಡಾ ಪ್ಯಾಂಥರ್ಸ್ ತಂಡದಲ್ಲಿ ಇವರು ಲೀಗ್‌ನ ಅತ್ಯಂತ ನಂಬಿಕಸ್ಥ ರಕ್ಷಕರಲ್ಲೊಬ್ಬರಾಗಿ ಬೆಳೆದರು. 2024 ಮತ್ತು 2025ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದ ತಂಡದ ಪ್ರಮುಖ ಸದಸ್ಯರಾಗಿದ್ದರು.

## ಹಿನ್ನೆಲೆ: ಐಸ್ ಹಾಕಿಯಲ್ಲಿ ರಕ್ಷಣಾ ಆಟಗಾರನ ಪಾತ್ರ

ಭಾರತದಲ್ಲಿ ಹಾಕಿ ಎಂದರೆ ಸಾಮಾನ್ಯವಾಗಿ ಮೈದಾನದ ಹಾಕಿ. ಐಸ್ ಹಾಕಿಯು ಇದಕ್ಕಿಂತ ಬೇರೆಯಾದ ಕ್ರೀಡೆ. ಮಂಜುಗಡ್ಡೆಯ ಅಂಕಣದ ಮೇಲೆ ಸ್ಕೇಟ್ ಧರಿಸಿ, ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆಯಿಂದ ಇದನ್ನು ಆಡಲಾಗುತ್ತದೆ. ಪಂದ್ಯದ ಅವಧಿ ತಲಾ 20 ನಿಮಿಷಗಳ ಮೂರು ಭಾಗಗಳು. ಒಂದು ತಂಡದಿಂದ ಏಕಕಾಲಕ್ಕೆ ಆರು ಮಂದಿ ಅಂಕಣದಲ್ಲಿರುತ್ತಾರೆ: ಒಬ್ಬ ಗೋಲ್‌ಕೀಪರ್, ಇಬ್ಬರು ರಕ್ಷಕರು ಮತ್ತು ಮೂವರು ಮುನ್ಪಡೆಯವರು. ಆಟ ಅತಿ ವೇಗದ್ದಾದ ಕಾರಣ ಆಟಗಾರರು ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಸರದಿಗಳಲ್ಲಿ ಒಳಗೆ ಹೋಗಿ ಹೊರಬರುತ್ತಾರೆ. ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಆರು ರಕ್ಷಕರನ್ನು ಮೂರು ಜೋಡಿಗಳಾಗಿ ಸಿದ್ಧಪಡಿಸಲಾಗುತ್ತದೆ. ಮೊದಲ ಜೋಡಿಯು ಎದುರಾಳಿಯ ಅತ್ಯುತ್ತಮ ಆಟಗಾರರನ್ನು ಎದುರಿಸುತ್ತದೆ. ಮೂರನೆಯ ಜೋಡಿಗೆ ಕಡಿಮೆ ಸಮಯ ಮತ್ತು ಹಗುರವಾದ ಹೊಣೆ ಸಿಗುತ್ತದೆ.

ರಕ್ಷಣಾ ಆಟಗಾರರು ಮುನ್ಪಡೆಯವರಿಗಿಂತ ತಡವಾಗಿ ಪಕ್ವವಾಗುತ್ತಾರೆ ಎಂಬುದು ಈ ಕ್ರೀಡೆಯ ವಲಯದಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಮಾತು. ಮುನ್ಪಡೆಯವನ ತಪ್ಪನ್ನು ತಿದ್ದಲು ಅವನ ಹಿಂದೆ ಇಬ್ಬರು ರಕ್ಷಕರಿರುತ್ತಾರೆ. ರಕ್ಷಕನ ತಪ್ಪಿಗೆ ಗೋಲ್‌ಕೀಪರ್ ಒಬ್ಬನೇ ಕೊನೆಯ ಆಸರೆ. ಹಿಮ್ಮುಖವಾಗಿ ಸ್ಕೇಟ್ ಮಾಡುತ್ತ ಎದುರಾಳಿಯೊಡನೆ ಎಷ್ಟು ಅಂತರ ಕಾಯ್ದುಕೊಳ್ಳಬೇಕು, ಪಕ್ ಹಿಡಿದ ಆಟಗಾರನ ಮೇಲೆ ಯಾವಾಗ ಎರಗಬೇಕು, ಒತ್ತಡದಲ್ಲಿ ಪಕ್ ಅನ್ನು ಯಾರಿಗೆ ದಾಟಿಸಬೇಕು ಎಂಬ ನಿರ್ಧಾರಗಳು ಅನುಭವದಿಂದ ಮಾತ್ರ ಬರುತ್ತವೆ. ಹೀಗಾಗಿ ಪ್ರತಿಭಾವಂತನಾದ ಯುವ ರಕ್ಷಕನೊಬ್ಬ ಆರಂಭದಲ್ಲಿ ತಡವರಿಸಿದಾಗ, ಅವನಿಗಾಗಿ ಇನ್ನೂ ಕಾಯಬೇಕೆ ಅಥವಾ ಅವನನ್ನು ಬಿಟ್ಟುಕೊಡಬೇಕೆ ಎಂಬುದು ತಂಡಗಳ ಮುಂದಿರುವ ಕಠಿಣ ಪ್ರಶ್ನೆಯಾಗುತ್ತದೆ. ಫೋರ್ಸ್ಲಿಂಗ್ ಅವರ ವೃತ್ತಿಜೀವನ ಈ ಪ್ರಶ್ನೆಗೆ ಸ್ಪಷ್ಟವಾದ ನಿದರ್ಶನವಾಗಿದೆ.

## ಆರಂಭಿಕ ಜೀವನ ಮತ್ತು ಸ್ವೀಡನ್‌ನಲ್ಲಿ ಆಟ

ಫೋರ್ಸ್ಲಿಂಗ್ ಅವರು ಸ್ವೀಡನ್‌ನ ಲಿನ್‌ಶೋಪಿಂಗ್ ನಗರದಲ್ಲಿ ಜನಿಸಿದರು. ಅಲ್ಲಿಯ ಲಿನ್‌ಶೋಪಿಂಗ್ ಎಚ್‌ಸಿ ಕ್ಲಬ್‌ನ ಕಿರಿಯರ ತಂಡಗಳಲ್ಲಿ ಆಡಿ, ಅನಂತರ ದೇಶದ ಅತ್ಯುನ್ನತ ಮಟ್ಟದ ಸ್ವೀಡಿಷ್ ಹಾಕಿ ಲೀಗ್‌ನಲ್ಲಿ ಅದೇ ಕ್ಲಬ್‌ನ ಹಿರಿಯರ ತಂಡವನ್ನು ಪ್ರತಿನಿಧಿಸಿದರು.

2014ರ ಜೂನ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಎನ್‌ಎಚ್‌ಎಲ್ ಡ್ರಾಫ್ಟ್‌ನ ಐದನೆಯ ಸುತ್ತಿನಲ್ಲಿ ವ್ಯಾಂಕೂವರ್ ಕ್ಯಾನಕ್ಸ್ ತಂಡವು ಇವರನ್ನು ಆಯ್ಕೆ ಮಾಡಿತು. ಡ್ರಾಫ್ಟ್ ಎಂದರೆ ಲೀಗ್‌ನ ತಂಡಗಳು ಸರದಿಯಂತೆ ಹದಿಹರೆಯದ ಆಟಗಾರರ ಹಕ್ಕನ್ನು ಪಡೆದುಕೊಳ್ಳುವ ವಾರ್ಷಿಕ ಪ್ರಕ್ರಿಯೆ. ಐದನೆಯ ಸುತ್ತಿನಲ್ಲಿ ಆಯ್ಕೆಯಾದವರಲ್ಲಿ ಬಹುತೇಕರು ಎನ್‌ಎಚ್‌ಎಲ್‌ನಲ್ಲಿ ದೀರ್ಘಕಾಲ ಆಡುವುದಿಲ್ಲ.

ಇವರ ಹೆಸರು ಮೊದಲು ವ್ಯಾಪಕವಾಗಿ ಕೇಳಿಬಂದದ್ದು ಕೆನಡಾದ ಟೊರಾಂಟೊ ಮತ್ತು ಮಾಂಟ್ರಿಯಲ್ ನಗರಗಳಲ್ಲಿ ನಡೆದ 2015ರ ವಿಶ್ವ ಕಿರಿಯರ ಚಾಂಪಿಯನ್‌ಷಿಪ್‌ನಲ್ಲಿ. ಸ್ವೀಡನ್ ಪರವಾಗಿ 7 ಪಂದ್ಯಗಳಲ್ಲಿ 3 ಗೋಲು ಮತ್ತು 5 ಅಸಿಸ್ಟ್‌ಗಳೊಂದಿಗೆ 8 ಅಂಕ ಗಳಿಸಿ ಇವರು ಆ ಪಂದ್ಯಾವಳಿಯ ರಕ್ಷಕರಲ್ಲಿ ಮುಂಚೂಣಿಯಲ್ಲಿದ್ದರು. ಸ್ವೀಡನ್ ತಂಡ ಆ ವರ್ಷ ನಾಲ್ಕನೆಯ ಸ್ಥಾನ ಪಡೆಯಿತು.

## ವ್ಯಾಂಕೂವರ್‌ನಿಂದ ಷಿಕಾಗೊಗೆ

ಕಿರಿಯರ ಚಾಂಪಿಯನ್‌ಷಿಪ್ ಮುಗಿದ ಕೆಲವೇ ವಾರಗಳಲ್ಲಿ, 2015ರ ಜನವರಿ 29ರಂದು, ವ್ಯಾಂಕೂವರ್ ತಂಡವು ಫೋರ್ಸ್ಲಿಂಗ್ ಅವರನ್ನು ಷಿಕಾಗೊ ಬ್ಲ್ಯಾಕ್‌ಹಾಕ್ಸ್ ತಂಡಕ್ಕೆ ನೀಡಿ, ಪ್ರತಿಯಾಗಿ ಆ್ಯಡಂ ಕ್ಲೆಂಡೆನಿಂಗ್ ಎಂಬ ರಕ್ಷಕನನ್ನು ಪಡೆಯಿತು. ಕೂಡಲೇ ಆಡಲು ಸಿದ್ಧನಿರುವ ಆಟಗಾರನೊಬ್ಬ ವ್ಯಾಂಕೂವರ್‌ಗೆ ಬೇಕಾಗಿತ್ತು. ಫೋರ್ಸ್ಲಿಂಗ್ ಇನ್ನೂ 18ರ ಹರೆಯದವರಾಗಿದ್ದರು. ಕ್ಲೆಂಡೆನಿಂಗ್ ವ್ಯಾಂಕೂವರ್‌ನಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಅದೇ ವರ್ಷದ ಜುಲೈನಲ್ಲಿ ಅವರನ್ನು ಪಿಟ್ಸ್‌ಬರ್ಗ್ ತಂಡಕ್ಕೆ ಕಳುಹಿಸಲಾಯಿತು.

ಫೋರ್ಸ್ಲಿಂಗ್ 2015–16ರ ಋತುವನ್ನು ಲಿನ್‌ಶೋಪಿಂಗ್‌ನಲ್ಲಿಯೇ ಕಳೆದು, 2016ರ ಅಕ್ಟೋಬರ್‌ನಲ್ಲಿ ಷಿಕಾಗೊ ಪರವಾಗಿ ಎನ್‌ಎಚ್‌ಎಲ್‌ಗೆ ಪದಾರ್ಪಣೆ ಮಾಡಿದರು. 2010, 2013 ಮತ್ತು 2015ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿದ್ದ ಆ ತಂಡದಲ್ಲಿ ಡಂಕನ್ ಕೀತ್, ಬ್ರೆಂಟ್ ಸೀಬ್ರುಕ್, ನಿಕ್ಲಾಸ್ ಯಾಲ್ಮಾರ್ಸನ್ ಅವರಂಥ ಅನುಭವಿ ರಕ್ಷಕರಿದ್ದರು. ತರಬೇತುದಾರರಾಗಿದ್ದವರು ಜೋಯಲ್ ಕ್ವೆನ್‌ವಿಲ್.

ಯುರೋಪಿನಿಂದ ಬಂದ ಯುವ ರಕ್ಷಕನಿಗೆ ಈ ಬದಲಾವಣೆ ಸುಲಭದ್ದಲ್ಲ. ಸ್ವೀಡನ್‌ನಲ್ಲಿ ರೂಢಿಯಲ್ಲಿದ್ದ ಅಂಕಣದ ಅಗಲ 30 ಮೀಟರ್. ಎನ್‌ಎಚ್‌ಎಲ್ ಅಂಕಣದ ಅಗಲ ಸುಮಾರು 26 ಮೀಟರ್. ಅಂಕಣ ಕಿರಿದಾದಷ್ಟೂ ಎದುರಾಳಿ ಬೇಗ ಮೈಮೇಲೆ ಬರುತ್ತಾನೆ, ಯೋಚಿಸಲು ಸಿಗುವ ಸಮಯ ಕಡಿಮೆಯಾಗುತ್ತದೆ. ದೇಹಬಲದ ಘರ್ಷಣೆಯೂ ಹೆಚ್ಚು. ಜೊತೆಗೆ ಗೆಲುವನ್ನೇ ನಿರೀಕ್ಷಿಸುವ ತಂಡದಲ್ಲಿ ತಪ್ಪುಮಾಡಿ ಕಲಿಯಲು ಅವಕಾಶ ಅಲ್ಪ.

## ಹಿನ್ನಡೆಯ ವರ್ಷಗಳು

ಷಿಕಾಗೊದಲ್ಲಿ ಫೋರ್ಸ್ಲಿಂಗ್ ಮೂರು ಋತುಗಳಲ್ಲಿ ಒಟ್ಟು 122 ಪಂದ್ಯಗಳನ್ನು ಆಡಿ 8 ಗೋಲು ಮತ್ತು 19 ಅಸಿಸ್ಟ್ ಗಳಿಸಿದರು. ಒಂದು ಋತುವಿನಲ್ಲಿ ತಂಡವೊಂದು 82 ಪಂದ್ಯಗಳನ್ನು ಆಡುತ್ತದೆ ಎಂಬುದನ್ನು ಗಮನಿಸಿದರೆ, ಇವರು ಸರಾಸರಿ ಅರ್ಧದಷ್ಟು ಪಂದ್ಯಗಳಲ್ಲಿ ಮಾತ್ರ ಅಂಕಣಕ್ಕಿಳಿದರು ಎಂಬುದು ತಿಳಿಯುತ್ತದೆ. ಉಳಿದ ಸಮಯ ಕೆಳಹಂತದ ಅಮೆರಿಕನ್ ಹಾಕಿ ಲೀಗ್‌ನ ರಾಕ್‌ಫರ್ಡ್ ಐಸ್‌ಹಾಗ್ಸ್ ತಂಡದಲ್ಲಿ, ಷಿಕಾಗೊದ ಹೆಚ್ಚುವರಿ ಆಟಗಾರರ ಸಾಲಿನಲ್ಲಿ ಅಥವಾ ಚೇತರಿಕೆಯಲ್ಲಿ ಕಳೆಯಿತು. 2018ರ ಬೇಸಿಗೆಯಲ್ಲಿ ಇವರಿಗೆ ಮಣಿಕಟ್ಟಿನ ಶಸ್ತ್ರಚಿಕಿತ್ಸೆಯಾಯಿತು.

ಆ ಕಾಲಕ್ಕೆ ಷಿಕಾಗೊ ತಂಡವೇ ಇಳಿಮುಖವಾಗಿತ್ತು. 2018 ಮತ್ತು 2019ರಲ್ಲಿ ಅದು ಪ್ಲೇಆಫ್ ಹಂತವನ್ನು ತಲುಪಲಿಲ್ಲ. 2018ರ ನವೆಂಬರ್‌ನಲ್ಲಿ ಕ್ವೆನ್‌ವಿಲ್ ಅವರನ್ನು ತೆಗೆದುಹಾಕಿ ಜೆರೆಮಿ ಕಾಲಿಟನ್ ಅವರನ್ನು ನೇಮಿಸಲಾಯಿತು. ಅಲುಗಾಡುತ್ತಿರುವ ತಂಡದಲ್ಲಿ ಯುವ ರಕ್ಷಕನ ದೋಷಗಳು ಎದ್ದು ಕಾಣುತ್ತವೆ. ಸ್ಕೇಟಿಂಗ್ ಮತ್ತು ಹೊಡೆತದಲ್ಲಿ ಇವರ ಪ್ರತಿಭೆ ಕಾಣುತ್ತಿದ್ದರೂ ತಮ್ಮ ಗೋಲಿನ ಮುಂದಿನ ಕಾವಲಿನಲ್ಲಿ ಸ್ಥಿರತೆ ಸಾಲದಾಗಿತ್ತು.

2019ರ ಜೂನ್ 24ರಂದು ಷಿಕಾಗೊ ತಂಡವು ಫೋರ್ಸ್ಲಿಂಗ್ ಹಾಗೂ ಗೋಲ್‌ಕೀಪರ್ ಆ್ಯಂಟನ್ ಫೋರ್ಸ್‌ಬರ್ಗ್ ಅವರನ್ನು ಕ್ಯಾರೊಲಿನಾ ಹರಿಕೇನ್ಸ್ ತಂಡಕ್ಕೆ ನೀಡಿ, ಕ್ಯಾಲ್ವಿನ್ ಡಿ ಹಾನ್ ಮತ್ತು ಅಲೆಕ್ಸಿ ಸಾರೆಲಾ ಅವರನ್ನು ಪಡೆಯಿತು. ಹೊಸ ಜಾಗದಲ್ಲಿ ಹೊಸ ಆರಂಭ ದೊರೆಯಬೇಕಿತ್ತು. ಆದರೆ ಕ್ಯಾರೊಲಿನಾದ ರಕ್ಷಣಾ ವಿಭಾಗ ಆಗಲೇ ಬಲಿಷ್ಠವಾಗಿತ್ತು. 2019–20ರ ಋತುವನ್ನು ಫೋರ್ಸ್ಲಿಂಗ್ ಅಮೆರಿಕನ್ ಹಾಕಿ ಲೀಗ್‌ನ ಷಾರ್ಲಟ್ ಚೆಕರ್ಸ್ ತಂಡದಲ್ಲಿ ಕಳೆದರು. ಕ್ಯಾರೊಲಿನಾ ಪರವಾಗಿ ಎನ್‌ಎಚ್‌ಎಲ್‌ನ ಒಂದೇ ಒಂದು ಪಂದ್ಯವನ್ನೂ ಇವರು ಆಡಲಿಲ್ಲ. ಕೋವಿಡ್ ಸಾಂಕ್ರಾಮಿಕದಿಂದಾಗಿ ಕೆಳಹಂತದ ಆ ಲೀಗ್‌ನ ಋತುವೂ 2020ರ ಮಾರ್ಚ್‌ನಲ್ಲಿ ನಿಂತು, ಬಳಿಕ ರದ್ದಾಯಿತು.

## ವೇವರ್ಸ್ ಮತ್ತು ಹೊಸ ಆರಂಭ

ಎನ್‌ಎಚ್‌ಎಲ್ ನಿಯಮದಂತೆ, ನಿರ್ದಿಷ್ಟ ಅನುಭವ ಪಡೆದ ಆಟಗಾರನನ್ನು ಕೆಳಹಂತದ ಲೀಗ್‌ಗೆ ಕಳುಹಿಸುವ ಮೊದಲು ಅವನ ಹೆಸರನ್ನು ಇತರ ಎಲ್ಲ ತಂಡಗಳ ಮುಂದಿಡಬೇಕು. ಇದನ್ನು ವೇವರ್ಸ್ ಎನ್ನುತ್ತಾರೆ. 24 ಗಂಟೆಗಳ ಒಳಗೆ ಯಾವುದೇ ತಂಡ ಅವನ ಒಪ್ಪಂದದ ಹೊಣೆ ಹೊತ್ತು ಅವನನ್ನು ಪಡೆಯಬಹುದು. ಒಂದಕ್ಕಿಂತ ಹೆಚ್ಚು ತಂಡಗಳು ಮುಂದೆ ಬಂದರೆ ಶ್ರೇಯಾಂಕದಲ್ಲಿ ಕೆಳಗಿರುವ ತಂಡಕ್ಕೆ ಆದ್ಯತೆ. ಬಿಟ್ಟುಕೊಟ್ಟ ತಂಡಕ್ಕೆ ಪ್ರತಿಯಾಗಿ ಆಟಗಾರನಾಗಲಿ ಡ್ರಾಫ್ಟ್ ಹಕ್ಕಾಗಲಿ ದೊರೆಯುವುದಿಲ್ಲ. ಯಾರೂ ಮುಂದೆ ಬಾರದಿದ್ದರೆ ಆಟಗಾರ ಕೆಳಹಂತಕ್ಕೆ ಹೋಗುತ್ತಾನೆ. ಆಟಗಾರನ ದೃಷ್ಟಿಯಿಂದ ಈ ಪಟ್ಟಿಯಲ್ಲಿ ಹೆಸರು ಬರುವುದು ಗೌರವದ ಸಂಗತಿಯಲ್ಲ. ಆದರೆ ಅಡಗಿಹೋಗಬಹುದಾದ ಪ್ರತಿಭೆಗೆ ಇನ್ನೊಂದು ಬಾಗಿಲನ್ನು ತೆರೆದಿಡುವುದೂ ಇದೇ ನಿಯಮ.

ಸಾಂಕ್ರಾಮಿಕದ ಕಾರಣ ತಡವಾಗಿ ಆರಂಭವಾದ 2020–21ರ ಋತುವಿಗೆ ಮುನ್ನ ಕ್ಯಾರೊಲಿನಾ ತಂಡವು ಫೋರ್ಸ್ಲಿಂಗ್ ಅವರನ್ನು ವೇವರ್ಸ್ ಪಟ್ಟಿಗೆ ಸೇರಿಸಿತು. 2021ರ ಜನವರಿ 9ರಂದು ಫ್ಲೋರಿಡಾ ಪ್ಯಾಂಥರ್ಸ್ ತಂಡವು ಇವರನ್ನು ಪಡೆದುಕೊಂಡಿತು. ಆಗ ಇವರ ವಯಸ್ಸು 24. ಫ್ಲೋರಿಡಾದ ಜನರಲ್ ಮ್ಯಾನೇಜರ್ ಬಿಲ್ ಝೀಟೊ ಕೆಲವೇ ತಿಂಗಳ ಹಿಂದೆ ಅಧಿಕಾರ ವಹಿಸಿಕೊಂಡಿದ್ದರು. ತರಬೇತುದಾರರಾಗಿದ್ದವರು ಷಿಕಾಗೊದಲ್ಲಿ ಫೋರ್ಸ್ಲಿಂಗ್ ಅವರ ಆಟವನ್ನು ಹತ್ತಿರದಿಂದ ಕಂಡಿದ್ದ ಜೋಯಲ್ ಕ್ವೆನ್‌ವಿಲ್.

ಪ್ರಯಾಣ ನಿರ್ಬಂಧಗಳಿಂದಾಗಿ ಆ ಋತುವಿನ ಪಂದ್ಯಗಳ ಸಂಖ್ಯೆಯನ್ನು 56ಕ್ಕೆ ಇಳಿಸಿ ವಿಭಾಗಗಳನ್ನು ಮರುವಿಂಗಡಿಸಲಾಗಿತ್ತು. ಫ್ಲೋರಿಡಾ, ಷಿಕಾಗೊ ಮತ್ತು ಕ್ಯಾರೊಲಿನಾ ಮೂರೂ ಒಂದೇ ವಿಭಾಗದಲ್ಲಿದ್ದವು. ಹೀಗಾಗಿ ಫೋರ್ಸ್ಲಿಂಗ್ ಅವರ ತಂಡ ಅವರನ್ನು ಬಿಟ್ಟುಕೊಟ್ಟಿದ್ದ ಎರಡೂ ತಂಡಗಳನ್ನು ಪದೇ ಪದೇ ಎದುರಿಸಿತು. ಮಾರ್ಚ್ ಕೊನೆಯಲ್ಲಿ ತಂಡದ ಪ್ರಮುಖ ರಕ್ಷಕ ಏರನ್ ಎಕ್‌ಬ್ಲಾಡ್ ಕಾಲಿನ ಗಂಭೀರ ಗಾಯದಿಂದ ಹೊರಗುಳಿದಾಗ ಉಳಿದ ರಕ್ಷಕರ ಹೊಣೆ ಹೆಚ್ಚಿತು. ಫೋರ್ಸ್ಲಿಂಗ್ ಆ ಋತುವಿನಲ್ಲಿ 43 ಪಂದ್ಯಗಳನ್ನಾಡಿ 5 ಗೋಲು ಮತ್ತು 12 ಅಸಿಸ್ಟ್ ಗಳಿಸಿದರು. ಋತುವಿನ ಬಳಿಕ ಫ್ಲೋರಿಡಾ ತಂಡವು ಇವರೊಂದಿಗೆ ಮೂರು ವರ್ಷಗಳ, ಒಟ್ಟು 80 ಲಕ್ಷ ಡಾಲರ್ ಮೌಲ್ಯದ ಒಪ್ಪಂದ ಮಾಡಿಕೊಂಡಿತು.

## ಫ್ಲೋರಿಡಾದಲ್ಲಿ ಏಳಿಗೆ

2021–22ರಲ್ಲಿ ಫ್ಲೋರಿಡಾ ತಂಡವು ಸಾಮಾನ್ಯ ಋತುವಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿ ಪ್ರೆಸಿಡೆಂಟ್ಸ್ ಟ್ರೋಫಿ ಪಡೆಯಿತು. ಫೋರ್ಸ್ಲಿಂಗ್ ಅವರ ಅಂಕಗಳು ಹಿಂದಿನ ವರ್ಷದ 17ರಿಂದ 37ಕ್ಕೆ ಏರಿದವು. 2022ರ ಬೇಸಿಗೆಯಲ್ಲಿ ಪಾಲ್ ಮೊರೀಸ್ ತರಬೇತುದಾರರಾದರು. ರಕ್ಷಕ ಮೆಕೆಂಜಿ ವೀಗರ್ ಅವರನ್ನು ಕ್ಯಾಲ್ಗರಿಗೆ ವರ್ಗಾಯಿಸಲಾಯಿತು. ಬಳಿಕ ಫೋರ್ಸ್ಲಿಂಗ್ ಮತ್ತು ಎಕ್‌ಬ್ಲಾಡ್ ಅವರ ಜೋಡಿ ತಂಡದ ಮೊದಲ ಸಾಲಿನ ಕಾವಲಾಯಿತು.

ಈ ಜೋಡಿಗೆ ಒಂದು ವಿಶೇಷವಿದೆ. ಇಬ್ಬರೂ 2014ರ ಡ್ರಾಫ್ಟ್‌ನಲ್ಲಿ ಆಯ್ಕೆಯಾದವರು. ಎಕ್‌ಬ್ಲಾಡ್ ಆ ವರ್ಷದ ಪ್ರಥಮ ಆಯ್ಕೆ, ಫೋರ್ಸ್ಲಿಂಗ್ 126ನೆಯವರು. ಎರಡನೆಯ ಆಯ್ಕೆಯಾದ ಸ್ಯಾಮ್ ರೈನ್‌ಹಾರ್ಟ್ ಮತ್ತು ನಾಲ್ಕನೆಯವರಾದ ಸ್ಯಾಮ್ ಬೆನೆಟ್ ಕೂಡ ಮುಂದೆ ಫ್ಲೋರಿಡಾ ಸೇರಿದರು. ಮೂರನೆಯವರಾದ ಲಿಯಾನ್ ಡ್ರೈಸೈಟ್ಲ್ ಎದುರಾಳಿ ಎಡ್ಮಂಟನ್ ಆಯ್ಲರ್ಸ್ ತಂಡದಲ್ಲಿದ್ದರು. ಹತ್ತು ವರ್ಷಗಳ ಬಳಿಕ ಈ ಐವರೂ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ಸೆಣಸಿದರು.

2022–23ರಲ್ಲಿ ಫೋರ್ಸ್ಲಿಂಗ್ ಎಲ್ಲ 82 ಪಂದ್ಯಗಳಲ್ಲಿ ಆಡಿ 13 ಗೋಲು ಸಹಿತ 41 ಅಂಕ ಗಳಿಸಿದರು. ಆ ವರ್ಷದ ಪ್ಲೇಆಫ್‌ನಲ್ಲಿ ಫ್ಲೋರಿಡಾ ತಂಡವು ದಾಖಲೆಯ 65 ಗೆಲುವು ಕಂಡಿದ್ದ ಬೋಸ್ಟನ್ ಬ್ರೂಯಿನ್ಸ್ ತಂಡವನ್ನು ಮೊದಲ ಸುತ್ತಿನಲ್ಲಿ ಸೋಲಿಸಿತು. ಪೂರ್ವ ವಲಯದ ಫೈನಲ್‌ನಲ್ಲಿ ಎದುರಾದ ತಂಡ ಕ್ಯಾರೊಲಿನಾ ಹರಿಕೇನ್ಸ್. ಫ್ಲೋರಿಡಾ 4–0ರಿಂದ ಸರಣಿಯನ್ನು ಗೆದ್ದಿತು. ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ವೆಗಾಸ್ ಗೋಲ್ಡನ್ ನೈಟ್ಸ್ ಎದುರು 1–4ರಿಂದ ಸೋತಿತು.

### 2023–24: ಪ್ಲಸ್-ಮೈನಸ್‌ನಲ್ಲಿ ಅಗ್ರಸ್ಥಾನ

2023–24ರ ಋತುವಿನಲ್ಲಿ ಫೋರ್ಸ್ಲಿಂಗ್ ಅವರ ಪ್ಲಸ್-ಮೈನಸ್ ಅಂಕ +56 ಆಗಿತ್ತು. ಇದು ಆ ವರ್ಷ ಇಡೀ ಲೀಗ್‌ನಲ್ಲಿಯೇ ಅತ್ಯಧಿಕ. ಆಟಗಾರ ಅಂಕಣದಲ್ಲಿರುವಾಗ ಅವನ ತಂಡ ಗೋಲು ಗಳಿಸಿದರೆ ಒಂದು ಅಂಕ ಸೇರುತ್ತದೆ, ಗೋಲು ಬಿಟ್ಟುಕೊಟ್ಟರೆ ಒಂದು ಕಳೆಯುತ್ತದೆ. ಎದುರಾಳಿಯ ಆಟಗಾರ ದಂಡನೆಗೊಳಗಾಗಿ ಹೊರಗಿರುವಾಗ ಹೆಚ್ಚಿನ ಸಂಖ್ಯಾಬಲದಿಂದ ಗಳಿಸಿದ ಗೋಲುಗಳನ್ನು ಇದರಲ್ಲಿ ಪರಿಗಣಿಸುವುದಿಲ್ಲ. ಜೊತೆ ಆಟಗಾರರ ಸಾಮರ್ಥ್ಯವನ್ನೂ ಅವಲಂಬಿಸುವುದರಿಂದ ಈ ಅಳತೆಗೆ ಮಿತಿಗಳಿವೆ. ಆದರೂ ಎದುರಾಳಿಗಳ ಅತ್ಯುತ್ತಮ ಮುನ್ಪಡೆಯನ್ನು ನಿತ್ಯ ಎದುರಿಸುವ ರಕ್ಷಕನೊಬ್ಬನಿಗೆ ಈ ಪ್ರಮಾಣದ ಅಂಕ ದೊರೆಯುವುದು ಅಪರೂಪ.

2024ರ ಮಾರ್ಚ್‌ನಲ್ಲಿ ಫ್ಲೋರಿಡಾ ತಂಡವು ಇವರೊಂದಿಗೆ ಎಂಟು ವರ್ಷಗಳ ಹೊಸ ಒಪ್ಪಂದ ಮಾಡಿಕೊಂಡಿತು. ಇದರ ಒಟ್ಟು ಮೌಲ್ಯ 4.6 ಕೋಟಿ ಡಾಲರ್. ವಾರ್ಷಿಕ ಸರಾಸರಿ 57.5 ಲಕ್ಷ ಡಾಲರ್. ತನ್ನ ಆಟಗಾರನಿಗೆ ತಂಡವೊಂದು ನೀಡಬಹುದಾಗಿದ್ದ ಗರಿಷ್ಠ ಅವಧಿ ಆಗ ಎಂಟು ವರ್ಷಗಳೇ ಆಗಿತ್ತು. ಮೂರು ವರ್ಷಗಳ ಹಿಂದೆ ಪ್ರತಿಫಲವಿಲ್ಲದೆ ದೊರೆತಿದ್ದ ಆಟಗಾರನ ಮೇಲೆ ಇಟ್ಟ ವಿಶ್ವಾಸ ಇದು.

## ಸ್ಟ್ಯಾನ್ಲಿ ಕಪ್ ವಿಜಯಗಳು

2024ರ ಪ್ಲೇಆಫ್‌ನ ಎರಡನೆಯ ಸುತ್ತಿನಲ್ಲಿ ಫ್ಲೋರಿಡಾ ಮತ್ತೆ ಬೋಸ್ಟನ್ ತಂಡವನ್ನು ಎದುರಿಸಿತು. ಮೇ 17ರಂದು ಬೋಸ್ಟನ್‌ನಲ್ಲಿ ನಡೆದ ಆರನೆಯ ಪಂದ್ಯ 1–1ರ ಸಮಬಲದಲ್ಲಿದ್ದಾಗ, ಮುಕ್ತಾಯಕ್ಕೆ 1 ನಿಮಿಷ 33 ಸೆಕೆಂಡುಗಳು ಉಳಿದಿರುವಂತೆ ಫೋರ್ಸ್ಲಿಂಗ್ ಗೋಲು ಗಳಿಸಿದರು. ಆ ಗೋಲಿನಿಂದ ಪಂದ್ಯವೂ ಸರಣಿಯೂ ಫ್ಲೋರಿಡಾದ ಪಾಲಾದವು.

ಎಡ್ಮಂಟನ್ ವಿರುದ್ಧದ ಫೈನಲ್‌ನಲ್ಲಿ ಫ್ಲೋರಿಡಾ ಮೊದಲ ಮೂರು ಪಂದ್ಯಗಳನ್ನು ಗೆದ್ದು, ಮುಂದಿನ ಮೂರನ್ನೂ ಸೋತಿತು. ಜೂನ್ 24ರಂದು ಫ್ಲೋರಿಡಾದ ಸನ್‌ರೈಸ್‌ನಲ್ಲಿ ನಡೆದ ನಿರ್ಣಾಯಕ ಏಳನೆಯ ಪಂದ್ಯವನ್ನು 2–1ರಿಂದ ಗೆದ್ದು, 1993ರಲ್ಲಿ ಲೀಗ್‌ಗೆ ಬಂದ ಆ ತಂಡ ತನ್ನ ಇತಿಹಾಸದ ಮೊದಲ ಸ್ಟ್ಯಾನ್ಲಿ ಕಪ್ ಪಡೆಯಿತು. ಷಿಕಾಗೊ ತಂಡವು ಫೋರ್ಸ್ಲಿಂಗ್ ಅವರನ್ನು ಬಿಟ್ಟುಕೊಟ್ಟು ಅಂದಿಗೆ ಸರಿಯಾಗಿ ಐದು ವರ್ಷಗಳಾಗಿದ್ದವು.

2025ರ ಫೆಬ್ರುವರಿಯಲ್ಲಿ ಕೆನಡಾ, ಅಮೆರಿಕ, ಸ್ವೀಡನ್ ಮತ್ತು ಫಿನ್‌ಲೆಂಡ್ ಭಾಗವಹಿಸಿದ್ದ ಫೋರ್ ನೇಷನ್ಸ್ ಫೇಸ್-ಆಫ್ ಪಂದ್ಯಾವಳಿಯಲ್ಲಿ ಇವರು ಸ್ವೀಡನ್ ತಂಡದಲ್ಲಿದ್ದರು. ಅದೇ ವರ್ಷದ ಪ್ಲೇಆಫ್‌ನಲ್ಲಿ ಫ್ಲೋರಿಡಾ ಪೂರ್ವ ವಲಯದ ಫೈನಲ್‌ನಲ್ಲಿ ಮತ್ತೊಮ್ಮೆ ಕ್ಯಾರೊಲಿನಾವನ್ನು 4–1ರಿಂದ ಸೋಲಿಸಿತು. ಜೂನ್ 17ರಂದು ಎಡ್ಮಂಟನ್ ತಂಡವನ್ನು ಆರನೆಯ ಪಂದ್ಯದಲ್ಲಿ 5–1ರಿಂದ ಮಣಿಸಿ ಸತತ ಎರಡನೆಯ ಬಾರಿಗೆ ಕಪ್ ಉಳಿಸಿಕೊಂಡಿತು.

## ಆಟದ ಶೈಲಿ

ಫೋರ್ಸ್ಲಿಂಗ್ ಎಡಗೈ ಹೊಡೆತದ ಆಟಗಾರರು. ಫ್ಲೋರಿಡಾದಲ್ಲಿ ಇವರ ಅಂಗಿಯ ಸಂಖ್ಯೆ 42. ಇವರ ಮುಖ್ಯ ಶಕ್ತಿ ಸ್ಕೇಟಿಂಗ್. ಮುಂದಕ್ಕೂ ಹಿಂದಕ್ಕೂ ಒಂದೇ ಹದದಲ್ಲಿ ಚಲಿಸಬಲ್ಲ ಇವರು ಎದುರಾಳಿಯನ್ನು ಗೋಲಿನ ನೇರದಿಂದ ಅಂಕಣದ ಅಂಚಿನ ಕಡೆಗೆ ತಳ್ಳಿ, ಕೋಲಿನಿಂದ ಪಕ್ ಕಸಿದುಕೊಳ್ಳುತ್ತಾರೆ. ಅಬ್ಬರದ ಡಿಕ್ಕಿಗಿಂತ ಸರಿಯಾದ ಜಾಗದಲ್ಲಿ ಸರಿಯಾದ ಹೊತ್ತಿಗೆ ಇರುವುದನ್ನು ಇವರ ಆಟ ನಂಬಿದೆ. ತಂಡದ ಆಟಗಾರನೊಬ್ಬ ದಂಡನೆಗೊಳಗಾಗಿ ಹೊರಗಿರುವಾಗ ಕಡಿಮೆ ಬಲದಿಂದ ಗೋಲು ಕಾಯುವ ಹೊಣೆಯೂ ಇವರದು.

ಷಿಕಾಗೊದಲ್ಲಿ ಇವರನ್ನು ಮುಖ್ಯವಾಗಿ ದಾಳಿಗೆ ನೆರವಾಗುವ ರಕ್ಷಕನೆಂದು ಭಾವಿಸಲಾಗಿತ್ತು. ಫ್ಲೋರಿಡಾದಲ್ಲಿ ಅದೇ ವೇಗವನ್ನು ಮೊದಲು ಕಾವಲಿಗೆ, ಬಳಿಕ ದಾಳಿಗೆ ಬಳಸಲಾಯಿತು.

## ಅಂಕಿಅಂಶಗಳು

ಎನ್‌ಎಚ್‌ಎಲ್ ಸಾಮಾನ್ಯ ಋತುವಿನಲ್ಲಿ ಫೋರ್ಸ್ಲಿಂಗ್ ಅವರ ಸಾಧನೆ (2024ರವರೆಗೆ):

| ಋತು | ತಂಡ | ಪಂದ್ಯ | ಗೋಲು | ಅಸಿಸ್ಟ್ | ಅಂಕ |
|---|---|---|---|---|---|
| 2016–17 | ಷಿಕಾಗೊ | 38 | 2 | 3 | 5 |
| 2017–18 | ಷಿಕಾಗೊ | 41 | 3 | 10 | 13 |
| 2018–19 | ಷಿಕಾಗೊ | 43 | 3 | 6 | 9 |
| 2019–20 | ಕ್ಯಾರೊಲಿನಾ | 0 | – | – | – |
| 2020–21 | ಫ್ಲೋರಿಡಾ | 43 | 5 | 12 | 17 |
| 2021–22 | ಫ್ಲೋರಿಡಾ | 71 | 10 | 27 | 37 |
| 2022–23 | ಫ್ಲೋರಿಡಾ | 82 | 13 | 28 | 41 |
| 2023–24 | ಫ್ಲೋರಿಡಾ | 79 | 10 | 29 | 39 |

## ಮಹತ್ವ

ಯುವ ರಕ್ಷಕರ ಮೌಲ್ಯಮಾಪನದ ಕುರಿತ ಚರ್ಚೆಗಳಲ್ಲಿ ಫೋರ್ಸ್ಲಿಂಗ್ ಅವರ ಉದಾಹರಣೆಗೆ ವಿಶೇಷ ಸ್ಥಾನವಿದೆ. ಇವರನ್ನು ಬಿಟ್ಟುಕೊಟ್ಟ ಮೂರೂ ತಂಡಗಳಿಗೆ ಆಯಾ ಕಾಲದ ಕಾರಣಗಳಿದ್ದವು. ವ್ಯಾಂಕೂವರ್‌ಗೆ ತಕ್ಷಣದ ಆಟಗಾರ ಬೇಕಿತ್ತು, ಷಿಕಾಗೊ ತಂಡಕ್ಕೆ ಅನುಭವಿ ರಕ್ಷಕನ ಅಗತ್ಯವಿತ್ತು, ಕ್ಯಾರೊಲಿನಾದಲ್ಲಿ ಜಾಗವಿರಲಿಲ್ಲ. ವೇವರ್ಸ್ ಪಟ್ಟಿಯಲ್ಲಿ ಹೆಸರಿದ್ದ ಆ 24 ಗಂಟೆಗಳಲ್ಲಿ ಇವರನ್ನು ಪಡೆಯುವ ಅವಕಾಶ ಲೀಗ್‌ನ ಇತರ 30 ತಂಡಗಳಿಗೂ ಇತ್ತು.

ಫ್ಲೋರಿಡಾ ತಂಡವು ಇದೇ ಅವಧಿಯಲ್ಲಿ ಬೇರೆಡೆ ನೆಲೆ ಕಾಣದಿದ್ದ ಇನ್ನೂ ಕೆಲವರಿಗೆ ಅವಕಾಶ ನೀಡಿತು. ಟ್ಯಾಂಪಾ ಬೇ ತಂಡ ಉಳಿಸಿಕೊಳ್ಳದಿದ್ದ ಕಾರ್ಟರ್ ವರ್‌ಹೇಗಿ 2020ರಲ್ಲಿ, ಬಫಲೊದಿಂದ ರಕ್ಷಕ ಬ್ರ್ಯಾಂಡನ್ ಮಾಂಟೂರ್ ಹಾಗೂ ಕ್ಯಾಲ್ಗರಿಯಿಂದ ಸ್ಯಾಮ್ ಬೆನೆಟ್ 2021ರ ಏಪ್ರಿಲ್‌ನಲ್ಲಿ ಈ ತಂಡ ಸೇರಿದರು. ಬೆನೆಟ್ 2025ರ ಪ್ಲೇಆಫ್‌ನ ಅತ್ಯುತ್ತಮ ಆಟಗಾರನಿಗೆ ನೀಡುವ ಕಾನ್ ಸ್ಮೈತ್ ಟ್ರೋಫಿ ಪಡೆದರು. ತಡವರಿಸುತ್ತಿರುವ ಪ್ರತಿಭಾವಂತನಿಗೆ ಜಾಗದ ಬದಲಾವಣೆಯೊಂದೇ ಸಾಲದು, ಹೊಸ ಜಾಗದಲ್ಲಿ ನಿಶ್ಚಿತವಾದ ಹೊಣೆ ಮತ್ತು ನಿರಂತರ ಅವಕಾಶವೂ ಬೇಕು ಎಂಬುದನ್ನು ಫೋರ್ಸ್ಲಿಂಗ್ ಅವರ ಕ್ಯಾರೊಲಿನಾ ಮತ್ತು ಫ್ಲೋರಿಡಾ ವರ್ಷಗಳ ಹೋಲಿಕೆ ತೋರಿಸುತ್ತದೆ.